ಹಳೆಯ ಸ್ಪೋರ್ಟ್ಸ್ ಕಾರುಗಳ ಜೀರ್ಣೋದ್ಧಾರ: ಒಂದು ಹವ್ಯಾಸದ ಚರಿತ್ರೆ

1990ರ ಜುಲೈ ತಿಂಗಳಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದಲ್ಲಿ ಒಂದು ವಿಚಿತ್ರವಾದ ವ್ಯಾಜ್ಯ ತೀರ್ಮಾನಕ್ಕೆ ಬಂದಿತು. ವ್ಯಾಜ್ಯದ ವಸ್ತು ಒಂದು ಬೆಂಟ್ಲಿ ಕಾರು. 'ಓಲ್ಡ್ ನಂಬರ್ ವನ್' ಎಂದು ಹೆಸರಾದ ಈ ಕಾರು 1929ರಲ್ಲಿಯೂ 1930ರಲ್ಲಿಯೂ ಫ್ರಾನ್ಸಿನ ಲ ಮಾನ್ ನಗರದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಗೆದ್ದುದು. ಸುಮಾರು ಒಂದು ಕೋಟಿ ಪೌಂಡುಗಳಿಗೆ ಅದನ್ನು ಕೊಳ್ಳಲು ಒಪ್ಪಿದ್ದವರು ಕೊನೆಯ ಗಳಿಗೆಯಲ್ಲಿ ಹಿಂಜರಿದರು. ಇದು ಆ ಕಾರೇ ಅಲ್ಲವೆಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಎರಡು ಜಯಗಳ ಮಧ್ಯೆಯೇ ಕಾರಿನ ಅನೇಕ ಭಾಗಗಳು ಬದಲಾಗಿದ್ದುವು. 1932ರಲ್ಲಿ ಬ್ರೂಕ್‌ಲೆಂಡ್ಸ್ ಪಂದ್ಯಾಂಗಣದಲ್ಲಿ ಅದು ಬೇರೊಂದು ದೊಡ್ಡ ಎಂಜಿನ್ನನ್ನು ಹೊತ್ತು ಓಡುತ್ತಿದ್ದಾಗ ಅಪಘಾತಕ್ಕೀಡಾಗಿ, ಚಾಲಕ ಕ್ಲೈವ್ ಡನ್‌ಫೀ ಮೃತನಾದನು. ಆಮೇಲೆ ಅದಕ್ಕೆ ಮುಚ್ಚಿದ ಮೈಕಟ್ಟು ಬಂದಿತು. ದಶಕಗಳು ಕಳೆದ ಮೇಲೆ ಮತ್ತೆ ತೆರೆದ ಮೈಕಟ್ಟು ಬಂದಿತು. 1929ರ ಜಯದ ದಿನ ಅದರಲ್ಲಿದ್ದ ಲೋಹದಲ್ಲಿ ಉಳಿದುದು ತೀರ ಸ್ವಲ್ಪ.

ನ್ಯಾಯಾಧೀಶ ಆಟನ್ನರು ಮಾರುವವನ ಪರವಾಗಿ ತೀರ್ಪಿತ್ತರು. ಕಾರ್ಖಾನೆಯಿಂದ ಹೊರಟ ರೂಪದಲ್ಲಿ ಅದು ಉಳಿದಿಲ್ಲವೆಂಬುದನ್ನು ಅವರು ಮರೆಮಾಚಲಿಲ್ಲ. ಆದರೆ ಬದಲಾವಣೆಗಳೆಲ್ಲ ಒಂದಾದಮೇಲೊಂದು ನಡೆದುವು, ನಡುವೆ ಚರಿತ್ರೆಯ ಎಳೆ ಎಲ್ಲಿಯೂ ಕಡಿಯಲಿಲ್ಲ, ಆ ಹೆಸರನ್ನು ತನ್ನದೆನ್ನಬಲ್ಲ ಬೇರೊಂದು ಕಾರು ಲೋಕದಲ್ಲಿಲ್ಲ. ಆದುದರಿಂದ ಇದೇ ಅದು ಎಂಬುದು ತೀರ್ಪಿನ ಸಾರ. ಹಳೆಯ ಕಾರುಗಳನ್ನು ಇಟ್ಟು ಸಾಕುವವರು ತಮ್ಮತಮ್ಮ ಕೊಟ್ಟಿಗೆಗಳಲ್ಲಿ ಅರ್ಧ ಶತಮಾನದಿಂದ ನಡೆಸಿಕೊಂಡು ಬಂದಿದ್ದ ಚರ್ಚೆಗೆ ಅಂದು ನ್ಯಾಯಪೀಠದ ಮುದ್ರೆ ಬಿದ್ದಿತು.

ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ದತ್ತಿಯ ಉದ್ದೇಶಗಳನ್ನು ಹೇಳುವಾಗ ಪದೇ ಪದೇ ಬರುವ 'ಖಂಡಸ್ಫುಟಿತ ಜೀರ್ಣೋದ್ಧಾರ'ವೆಂಬ ಮಾತು, ಒಡೆದುದನ್ನು ಬಿರಿದುದನ್ನು ಸರಿಪಡಿಸಿ ಶಿಥಿಲವಾದುದನ್ನು ಎತ್ತಿನಿಲ್ಲಿಸುವುದಕ್ಕೆ ಮೊದಲೇ ಹಣವನ್ನೂ ಭೂಮಿಯನ್ನೂ ಬಿಟ್ಟಿರಬೇಕೆಂಬ ತಿಳಿವಳಿಕೆಯಿಂದ ಹುಟ್ಟಿದ್ದು. ಊರ ತೇರಿನ ಗಾಲಿ ಸವೆದರೆ ಬೇರೆ ಗಾಲಿ ಹಾಕುವರು, ಅಚ್ಚು ಮುರಿದರೆ ಬೇರೆ ಅಚ್ಚು ಕೂಡಿಸುವರು. ತೇರು ಮಾತ್ರ ಅದೇ ತೇರು. ಮೋಟಾರು ಬಂಡಿಯ ವಿಷಯದಲ್ಲಿ ಇದೇ ಭಾವನೆ ಹೇಗೆ ಬೆಳೆಯಿತೆಂಬುದು ಸಣ್ಣ ಚರಿತ್ರೆಯಾದರೂ ಕುತೂಹಲಕರವಾಗಿದೆ.

ಇದರ ಆರಂಭ ಹಳತಿನ ಮೇಲಣ ಭಕ್ತಿಯಿಂದ ಎಂದು ತಿಳಿಯುವುದು ಅಷ್ಟು ಸರಿಯಲ್ಲ. 1896ರ ನವೆಂಬರ್ 14ರಂದು ಇಂಗ್ಲೆಂಡಿನಲ್ಲಿ ಮೋಟಾರುಗಳ ಮೇಲಿದ್ದ ಹಳೆಯ ನಿರ್ಬಂಧಗಳು ಸಡಿಲವಾದ ಸಂತೋಷಕ್ಕಾಗಿ ಲಂಡನ್ನಿನಿಂದ ಬ್ರೈಟನ್ನಿಗೆ ಬಂಡಿಗಳ ಮೆರವಣಿಗೆ ಹೊರಟಿತ್ತು. 1927ರಲ್ಲಿ ಅದರ ಸ್ಮರಣೆಗೆಂದು ಹಳೆಯ ಬಂಡಿಗಳನ್ನು ಮತ್ತೆ ಅದೇ ದಾರಿಯಲ್ಲಿ ಓಡಿಸಿದಾಗ ಜನ ಅದನ್ನು ವಿನೋದವಾಗಿಯೇ ನೋಡಿದರು. 1930ರಲ್ಲಿ ಅಂಥ ಬಂಡಿಗಳ ಒಡೆಯರ ಸಂಘವೊಂದು ಸ್ಥಾಪಿತವಾಯಿತು. ಆದರೆ 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಪ್ರೇರಣೆ ಬೇರೆ. ಅದನ್ನು ಕಟ್ಟಿದವರು ಹೆಚ್ಚು ಹಣವಿಲ್ಲದ ತರುಣರು. ಆರ್ಥಿಕ ಮುಗ್ಗಟ್ಟಿನ ಅನಂತರ ಅಗ್ಗವಾಗಿ ರಾಶಿರಾಶಿಯಾಗಿ ತಯಾರಾಗುತ್ತಿದ್ದ ಹೊಸ ಕಾರುಗಳು ಅವರ ಮನಸ್ಸಿಗೆ ಬರಲಿಲ್ಲ. ಹಿಂದಿನ ದಶಕದ ಗಟ್ಟಿಯಾದ ಕಾರುಗಳು ಆಗ ಅಲ್ಪ ಬೆಲೆಗೆ ದೊರೆಯುತ್ತಿದ್ದುವು. 1930ರ ಕೊನೆಯವರೆಗೆ ತಯಾರಾದುವು ಮಾತ್ರ ಗಣ್ಯವೆಂಬ ಗೆರೆಯನ್ನು ಆ ಸಂಘ ಎಳೆಯಿತು. ಹೊಸದರ ಮೇಲಣ ಅಸಮಾಧಾನವೇ ಈ ಹವ್ಯಾಸದ ತಾಯಿಬೇರು; ಶ್ರೀಮಂತರ ಶೋಕಿ ಎಂಬ ಹೆಸರು ಇದಕ್ಕೆ ಬಂದದ್ದು ಬಹಳ ತಡವಾಗಿ. 1953ರಲ್ಲಿ ತೆರೆಕಂಡ 'ಜೆನವೀವ್' ಎಂಬ ಇಂಗ್ಲಿಷ್ ಚಲಚ್ಚಿತ್ರ, ಬ್ರೈಟನ್ನಿನ ಓಟದಲ್ಲಿ ಪಾಲುಗೊಂಡ ಇಬ್ಬರು ಗೆಳೆಯರ ಹುಚ್ಚಾಟವನ್ನು ಕಥೆಯಾಗಿಸಿ, ಅದುವರೆಗೆ ಕೆಲವರದಾಗಿದ್ದ ಈ ಗೀಳನ್ನು ಮನೆಮಾತು ಮಾಡಿತು.

ಸಾಧಾರಣ ಜನರ ಕೈಗೆ ಸ್ಪೋರ್ಟ್ಸ್ ಕಾರು ಎಟುಕುವಂತೆ ಮಾಡಿದ ಕೀರ್ತಿಯಲ್ಲಿ ದೊಡ್ಡ ಪಾಲು ಎಂ.ಜಿ. ಸಂಸ್ಥೆಗೆ ಸಲ್ಲಬೇಕು. ಎಂ.ಜಿ. ಎಂದರೆ ಮಾರಿಸ್ ಗರಾಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸನಿಗೆ ಸೇರಿದ್ದ ಮಾರಾಟದ ಅಂಗಡಿ. 1922ರಲ್ಲಿ ಅದರ ವ್ಯವಸ್ಥಾಪಕನಾದ ಸೆಸಿಲ್ ಕಿಂಬರನು ಒಡೆಯನ ಸಾಮಾನ್ಯ ಕಾರುಗಳ ಚಾಸಿಗೇ ಚೆಲುವಾದ ಹಗುರ ಮೈಕಟ್ಟುಗಳನ್ನು ಕೂಡಿಸಿ ಮಾರತೊಡಗಿದನು. 1928ರಲ್ಲಿ ಹೊರಬಂದ 847 ಘನ ಸೆಂಟಿಮೀಟರಿನ ಪುಟ್ಟ 'ಮಿಡ್ಜೆಟ್' ಕಾರಿಗೆ 175 ಪೌಂಡು ಬೆಲೆ. ಮರುವರ್ಷ ಸಂಸ್ಥೆ ಆಬಿಂಗ್‌ಡನ್ ಎಂಬ ಚಿಕ್ಕ ಊರಿಗೆ, ಹಿಂದೆ ಚರ್ಮದ ಕಾರ್ಖಾನೆಗೆ ಸೇರಿದ್ದ ಕಟ್ಟಡಕ್ಕೆ, ತನ್ನ ನೆಲೆಯನ್ನು ಬದಲಾಯಿಸಿತು. 1930ರಲ್ಲಿ ಒಡೆಯರ ಸಂಘವೂ ಹುಟ್ಟಿತು. ಕಿಂಬರನ ಕೊನೆಯ ದಿನಗಳು ಸುಖದವಲ್ಲ. 1941ರಲ್ಲಿ ಅವನನ್ನು ಕೆಲಸದಿಂದ ಬಿಡಿಸಿದರು. 1945ರ ಫೆಬ್ರವರಿ 4ರಂದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ಸಂಭವಿಸಿದ ರೈಲು ಅಪಘಾತದಲ್ಲಿ ಅವನು ತೀರಿಕೊಂಡನು. ವೇಗದ ಬಂಡಿಗಳನ್ನು ಕಟ್ಟಿದವನು ನಿಧಾನವಾಗಿ ಹಿಂದಕ್ಕೆ ಜಾರಿದ ರೈಲಿನಲ್ಲಿ ಸಾಯಬೇಕಾಯಿತು.

ಅವನು ಸತ್ತ ವರ್ಷವೇ, ಯುದ್ಧ ಮುಗಿದ ಕೆಲವು ತಿಂಗಳಲ್ಲಿ, ಟಿ.ಸಿ. ಎಂಬ ಮಾದರಿ ಹೊರಬಂದಿತು. 1949ರವರೆಗೆ ಸುಮಾರು ಹತ್ತು ಸಾವಿರ ಕಾರುಗಳಷ್ಟೇ ತಯಾರಾದುವು. ಅಮೆರಿಕಕ್ಕೆ ಹೋದುದು ಎರಡು ಸಾವಿರದಷ್ಟು. ಅದೂ ಚಕ್ರ ಬಲಗಡೆಗಿದ್ದ ಹಾಗೆಯೇ. ಇಂಗ್ಲೆಂಡಿನಲ್ಲಿ ಸೈನಿಕರಾಗಿದ್ದು ಈ ಕಾರುಗಳನ್ನು ಕಂಡು ಮರುಳಾದ ಅಮೆರಿಕನ್ನರು ಸ್ವದೇಶದಲ್ಲಿ ಅವುಗಳ ಪಂದ್ಯಗಳನ್ನು ಹೂಡಿದರು. 1961ರಲ್ಲಿ ಜಗತ್ತಿನ ಚಾಂಪಿಯನ್ ಪದವಿಗೇರಿದ ಫಿಲ್ ಹಿಲ್ಲನು ಪಂದ್ಯಗಳಿಗಿಳಿದದ್ದು ಟಿ.ಸಿ. ಕಾರಿನಿಂದ.

ಇಷ್ಟೊಂದು ಪ್ರೀತಿ ಗಳಿಸಿದ ಈ ಕಾರು ಒಡೆಯನಿಗೆ ಕೊಡುವ ಕಾಟವೇನೂ ಕಡಿಮೆಯದಲ್ಲ. ಹೊರಗಿನ ತಗಡಿನ ಒಳಗೆ ಇರುವ ಹಂದರ ಆಶ್ ಎಂಬ ಮರದ್ದು. ನೀರು ಇಳಿದರೆ ಅದು ಒಳಗೊಳಗೇ ಕೊಳೆಯುತ್ತದೆ. ಬಾಗಿಲು ಜೋತು ಬಿದ್ದಾಗಲೇ ತಿಳಿಯುವುದು. ಅಲ್ಲಿಗೆ ಮೇಸ್ತ್ರಿಯ ಕೆಲಸ ಮುಗಿದು ಬಡಗಿಯ ಕೆಲಸ ಮೊದಲಾಗುತ್ತದೆ. ಹತ್ತೊಂಬತ್ತು ಅಂಗುಲದ ಚಕ್ರಗಳು ಬೈಸಿಕಲ್ಲಿನಂತೆ ತಂತಿಯ ಕಡ್ಡಿಗಳವು. ಕಡ್ಡಿಗಳ ಬಿಗಿತವನ್ನು ಆಗಾಗ ನೋಡುತ್ತಿರಬೇಕು. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ 1250 ಘನ ಸೆಂಟಿಮೀಟರಿನ ಎಂಜಿನ್ನಿನ ಬೋಲ್ಟುಗಳದು. ಅಪ್ಪಟ ಇಂಗ್ಲಿಷ್ ಕಾರಿನಲ್ಲಿ ತಿರುಪಿನ ಸುತ್ತುಗಳು ಮಾತ್ರ ಫ್ರೆಂಚರ ಮೆಟ್ರಿಕ್ ಅಳತೆಯವು, ಬೋಲ್ಟಿನ ತಲೆ ಇಂಗ್ಲಿಷರ ವಿಟ್ವರ್ತ್ ಅಳತೆಯದು! ಕಾರಣ ಮೊದಲನೆಯ ಮಹಾಯುದ್ಧಕ್ಕೆ ಹಿಂದಿರುಗುತ್ತದೆ. ಆಗ ಫ್ರಾನ್ಸಿನ ಹಾಚ್ಕಿಸ್ ಕಂಪನಿಯವರು ಕೊವೆಂಟ್ರಿಯಲ್ಲಿ ಕಾರ್ಖಾನೆಯೊಂದನ್ನು ತೆರೆದಿದ್ದರು. ಯುದ್ಧಾನಂತರ ಮಾರಿಸನು 1923ರಲ್ಲಿ ಅದನ್ನು ಕೊಂಡನು. ಯಂತ್ರಗಳು ಫ್ರೆಂಚ್ ಅಳತೆಯವೇ ಆಗಿದ್ದುದರಿಂದ ಸುತ್ತುಗಳು ಹಾಗೆಯೇ ಉಳಿದುವು. ಇಂಗ್ಲಿಷ್ ಮೇಸ್ತ್ರಿಯ ಕೈಯಲ್ಲಿದ್ದ ಸ್ಪ್ಯಾನರಿಗೆ ಹೊಂದಲೆಂದು ತಲೆಯನ್ನು ಮಾತ್ರ ಬದಲಿಸಿದರು. ಹೀಗೆ ಒಂದು ಬೋಲ್ಟು ಕಳೆದುಹೋದರೆ ಪೇಟೆಯಲ್ಲಿ ಸಿಕ್ಕಿದುದನ್ನು ತಂದು ತಿರುಗಿಸುವಂತಿಲ್ಲ. ಶಾಸನದ ಲಿಪಿಯಿಂದ ಕಾಲವನ್ನು ಗುರುತಿಸುವಂತೆ ಬೋಲ್ಟಿನಿಂದ ಚರಿತ್ರೆಯನ್ನು ಓದಬಹುದೆಂಬುದಕ್ಕೆ ಇದೊಂದು ನಿದರ್ಶನ.

1962ರಿಂದ ತಯಾರಾದ ಎಂ.ಜಿ.ಬಿ. ಮಾದರಿಯ ಕಥೆ ಬೇರೆ. ಅದಕ್ಕೆ ಮರದ ಹಂದರವೂ ಇಲ್ಲ, ಪ್ರತ್ಯೇಕವಾದ ಚಾಸಿಯೂ ಇಲ್ಲ. ಉಕ್ಕಿನ ಮೈಯೇ ಎಲುಬು. ತುಕ್ಕು ಹಿಡಿದರೆ ಎಲುಬಿಗೇ ಹಿಡಿಯುತ್ತದೆ. ಎಲ್ಲ ರೂಪಗಳೂ ಸೇರಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಮೇಲೆ 1980ರ ಅಕ್ಟೋಬರಿನಲ್ಲಿ ಆಬಿಂಗ್‌ಡನ್ ಕಾರ್ಖಾನೆ ಮುಚ್ಚಿತು. ಅಲ್ಲಿಂದ ಮುಂದೆ ಬಿಡಿಭಾಗಗಳ ಹೊಣೆ ಒಡೆಯರ ಸಂಘಗಳ ಮೇಲೂ ಅವರನ್ನೇ ನಂಬಿದ ಸಣ್ಣ ವ್ಯಾಪಾರಿಗಳ ಮೇಲೂ ಬಿದ್ದಿತು. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ, ಮೂಲ ಅಚ್ಚುಗಳನ್ನೇ ಹುಡುಕಿ ತೆಗೆದು, ಎಂ.ಜಿ.ಬಿ.ಯ ಇಡೀ ಉಕ್ಕಿನ ಮೈಯನ್ನು ಹೊಸದಾಗಿ ಮಾಡಿ ಮಾರತೊಡಗಿತು. ತುಕ್ಕಿನಿಂದ ಸತ್ತ ಕಾರಿನ ಎಂಜಿನ್ನು, ಗೇರುಪೆಟ್ಟಿಗೆ, ಅಚ್ಚುಗಳನ್ನು ಈ ಹೊಸ ಮೈಯೊಳಗೆ ಕೂಡಿಸಬಹುದಾಯಿತು. ಬೆಂಟ್ಲಿಯ ವಿಷಯದಲ್ಲಿ ಕೋಟಿ ಪೌಂಡಿನ ಒಡೆಯರಿಗೆ ಎದುರಾದ ಪ್ರಶ್ನೆಯೇ ಇಲ್ಲಿ ಶಾಲಾ ಉಪಾಧ್ಯಾಯರಿಗೂ ಗುಮಾಸ್ತರಿಗೂ ಎದುರಾಯಿತು: ಈ ಕಾರು ಯಾವ ವರ್ಷದ್ದು?

ಬ್ರಿಟಿಷ್ ಸರ್ಕಾರದ ನೋಂದಣಿ ಇಲಾಖೆ ಇದಕ್ಕೆ ಅನೇಕ ವರ್ಷಗಳ ಕಾಲ ಅಂಕಗಣಿತದಿಂದ ಉತ್ತರ ಹೇಳಿತು. ಚಾಸಿಗೆ ಅಥವಾ ಉಕ್ಕಿನ ಮೈಗೆ 5 ಅಂಕ. ಅಚ್ಚು, ಸ್ಪ್ರಿಂಗು ಮೊದಲಾದ ತೂಗುಸಾಧನ, ಗೇರುಪೆಟ್ಟಿಗೆ, ಸ್ಟಿಯರಿಂಗು ಇವುಗಳಿಗೆ ಎರಡೆರಡು. ಎಂಜಿನ್ನಿಗೆ ಕೇವಲ 1. ಒಟ್ಟು 8 ಅಂಕ ಬಂದರೆ ಹಳೆಯ ನೋಂದಣಿ ಉಳಿಯುವುದು. ಕಾರಿನ ಪ್ರಾಣ ಎಂಜಿನ್ನಿನಲ್ಲಿದೆಯೆಂದು ನಂಬಿದವರಿಗೆ ಈ ಲೆಕ್ಕ ಅಚ್ಚರಿಯನ್ನುಂಟುಮಾಡದಿರದು. ಅದೇ ಅಳತೆಯ ಹೊಚ್ಚಹೊಸ ಮೈಯನ್ನು, ಅದನ್ನು ಹೊಸದಾಗಿ ಕೊಂಡುದಕ್ಕೆ ರಸೀತಿ ಇದ್ದರೆ, ಹಳೆಯ ಮೈಯೆಂದೇ ಎಣಿಸುತ್ತಿದ್ದರು. ನ್ಯಾಯಾಧೀಶರು ಚರಿತ್ರೆಯ ಎಳೆಯನ್ನು ಹುಡುಕಿದರೆ ಇಲಾಖೆ ರಸೀತಿಯನ್ನು ಹುಡುಕಿತು. ಎರಡರಲ್ಲಿ ಮೊದಲನೆಯದೇ ವಸ್ತುವಿನ ಸ್ವಭಾವಕ್ಕೆ ಹತ್ತಿರವೆನ್ನಬೇಕು. ಆದರೆ ಗುಮಾಸ್ತನು ನ್ಯಾಯಾಧೀಶನಲ್ಲವಷ್ಟೆ.

ಭಾರತದಲ್ಲಿ ಈ ಹವ್ಯಾಸದ ಮೊದಲ ಬೆಳಸು ಅರಮನೆಗಳ ಲಾಯಗಳಿಂದ ಬಂದುದು. ಸಂಸ್ಥಾನಗಳು ವಿಲೀನವಾದ ಮೇಲೆ ಅಲ್ಲಿಯ ಕಾರುಗಳು ಹರಾಜಿಗೂ ಗುಜರಿಗೂ ಹೋಗತೊಡಗಿದುವು. 1964ರಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆಯವರು ದೆಹಲಿಯಲ್ಲಿ ಆರಂಭಿಸಿದ ಹಳೆಯ ಕಾರುಗಳ ಮೇಳ ಅಂಥವುಗಳಿಗೆ ಬೀದಿಯಲ್ಲಿ ಗೌರವದ ಸ್ಥಾನವನ್ನು ತಂದಿತು. ಕನ್ನಡ ನಾಡಿನಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳು ಯಾತ್ರಿಕರಿಗೆ ಪರಿಚಿತವೇ ಆಗಿವೆ. ತಾಳೆಯೋಲೆ, ಕಂಚಿನ ವಿಗ್ರಹಗಳೊಡನೆ ಮೋಟಾರು ಬಂಡಿಯನ್ನೂ ಸಂಗ್ರಹಯೋಗ್ಯವೆಂದು ಕಂಡ ದೃಷ್ಟಿ ಗಮನಾರ್ಹವಾದುದು.

ಸ್ಪೋರ್ಟ್ಸ್ ಕಾರುಗಳು ಮಾತ್ರ ಇಲ್ಲಿ ಎಂದಿಗೂ ವಿರಳ. ಆಮದಿನ ಮೇಲೆ ದಶಕಗಟ್ಟಲೆ ಇದ್ದ ನಿರ್ಬಂಧದಲ್ಲಿ ಒಂದು ಗ್ಯಾಸ್ಕೆಟ್ಟನ್ನು ತರಿಸುವುದೂ ದುಸ್ತರವಾಗಿತ್ತು. ಆದರೆ ಎಂ.ಜಿ. ಒಡೆಯರಿಗೆ ಒಂದು ದಾರಿ ತೆರೆದಿತ್ತು. ಕಲ್ಕತ್ತೆಯ ಬಳಿಯ ಉತ್ತರಪಾರದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರು ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಅದಕ್ಕೆ ದೀರ್ಘಕಾಲ ಜೋಡಿಸುತ್ತಿದ್ದ 1489 ಘನ ಸೆಂಟಿಮೀಟರಿನ ಎಂಜಿನ್ನೂ, 1955ರಲ್ಲಿ ಹೊರಬಂದ ಎಂ.ಜಿ.ಎ. ಕಾರಿನ ಎಂಜಿನ್ನೂ ಒಂದೇ ವಂಶದವು, ಎಂ.ಜಿ.ಬಿ.ಯ 1798 ಘನ ಸೆಂಟಿಮೀಟರಿನದು ಅದೇ ವಂಶದ ತಮ್ಮ. ಸರ್ಕಾರಿ ಅಧಿಕಾರಿಯನ್ನೂ ಬಾಡಿಗೆಯ ಪ್ರಯಾಣಿಕನನ್ನೂ ಹೊತ್ತು ಗಂಭೀರವಾಗಿ ಸಾಗಿದ ಅಂಬಾಸಡರಿಗೂ, ಇಬ್ಬರೇ ಕೂತು ಗಾಳಿಗೆ ಮುಖವೊಡ್ಡುವ ಈ ಚೆಲುವ ಬಂಡಿಗೂ ಇರುವ ರಕ್ತಸಂಬಂಧವನ್ನು ಮದರಾಸಿನ ಪುದುಪೇಟೆ, ಬೆಂಗಳೂರಿನ ಜೆ. ಸಿ. ರಸ್ತೆಗಳ ಬಿಡಿಭಾಗದ ವ್ಯಾಪಾರಿಗಳು ಚೆನ್ನಾಗಿ ಬಲ್ಲರು. ಎಲ್ಲವೂ ಎಲ್ಲಕ್ಕೂ ಹೊಂದುವುದಿಲ್ಲವೆಂಬುದು ನಿಜ. ಹೊಂದಿದಷ್ಟರಿಂದಲೇ ಎಷ್ಟೋ ಕಾರುಗಳು ಬದುಕಿಕೊಂಡುವು. ಇಂದು ಅದೇ ಎಂ.ಜಿ. ಮುದ್ರೆಯನ್ನು ಧರಿಸಿ, 2019ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಿಗೆ ಬರುತ್ತಿರುವ ಕಾರುಗಳಿಗೆ ಆಬಿಂಗ್‌ಡನ್ನಿನೊಡನೆ ಹೆಸರಿನ ಸಂಬಂಧವಷ್ಟೇ ಉಳಿದಿದೆ.

ಇಂಧನವೂ ಬದಲಾಗಿದೆ. 2000ದಲ್ಲಿ ಭಾರತದ ಪೆಟ್ರೋಲಿನಿಂದ ಸೀಸ ಹೊರಗಾಯಿತು; ಅದು ಜನರ ಆರೋಗ್ಯಕ್ಕೆ ಒಳಿತಾದರೂ, ಸೀಸದ ರಕ್ಷಣೆಯನ್ನೇ ನಂಬಿದ್ದ ಹಳೆಯ ಎಂಜಿನ್ನುಗಳ ವಾಲ್ವುಗಳ ಪೀಠಕ್ಕೆ ಗಟ್ಟಿಲೋಹದ ಬಳೆಗಳನ್ನು ಕೂಡಿಸಬೇಕಾಯಿತು. ಈಗ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರಿನ ಕೊಳವೆಗಳನ್ನು ಕೆಡಿಸುತ್ತದೆ; ತಿಂಗಳಿಗೊಮ್ಮೆ ಹೊರಡುವ ಕಾರಿನ ಟ್ಯಾಂಕಿನಲ್ಲಿ ತುಕ್ಕು ಕೂಡುವುದಕ್ಕೆ ಇಷ್ಟು ಸಾಕು.

ಕಾನೂನಿನ ದೃಷ್ಟಿಯಲ್ಲಿ ಇವುಗಳ ಸ್ಥಾನ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳಿಂದ ಮೊದಲ ಬಾರಿಗೆ ಸ್ಪಷ್ಟವಾಯಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿಸಿಕೊಂಡ ಖಾಸಗಿ ವಾಹನ 'ವಿಂಟೇಜ್' ಎನಿಸುವುದು. ಅದಕ್ಕೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ದಿನಬಳಕೆಗೂ ಬಾಡಿಗೆಗೂ ಓಡಿಸಕೂಡದು. ಇದು ಸ್ವಾಗತಾರ್ಹವೇ. ಆದರೆ ಈ ಐವತ್ತು ವರ್ಷವನ್ನು ಕಾರು ತಲುಪುವುದು ಹೇಗೆ? ದೆಹಲಿ ಪ್ರದೇಶದಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳು ರಸ್ತೆಗಿಳಿಯಕೂಡದೆಂಬ ಆಜ್ಞೆಯನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಗಾಳಿಯ ಮಾಲಿನ್ಯವನ್ನು ಕಂಡವರಾರೂ ಅದರ ಕಾರಣವನ್ನು ಅಲ್ಲಗಳೆಯಲಾರರು. ಹದಿನೈದಕ್ಕೂ ಐವತ್ತಕ್ಕೂ ನಡುವೆ ಇರುವ ಮೂವತ್ತೈದು ವರ್ಷಗಳಲ್ಲಿ ಮಾತ್ರ ಕಾರು ಹೊಸದೂ ಅಲ್ಲ, ಪರಂಪರೆಯೂ ಅಲ್ಲ. ನಾಳೆ ವಿಂಟೇಜ್ ಆಗಬೇಕಾದುವು ಗುಜರಿಗೆ ಹೋಗುವುದು ಈ ಅವಧಿಯಲ್ಲಿಯೇ. ಸ್ವತಃ ಟಿ.ಸಿ. ಕಾರುಗಳೂ ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಯಾರಿಗೂ ಬೇಡವಾಗಿ ಅಗ್ಗದ ಬೆಲೆಗೆ ಬಿಕರಿಯಾಗುತ್ತಿದ್ದುವು. ಅವುಗಳನ್ನು ಉಳಿಸಿದುದು ಯಾವ ನಿಯಮವೂ ಅಲ್ಲ, ಆಗ ಕೈಯಲ್ಲಿ ಹೆಚ್ಚು ಕಾಸಿಲ್ಲದಿದ್ದ ತರುಣರು.

ಮುಂಬಯಿಯ ಕನ್ನಡಿಗರಿಗೆ ಇದರ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಕಪ್ಪು ಹಳದಿ ಬಣ್ಣದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ, ಬಾಡಿಗೆ ವಾಹನಗಳಿಗೆ ವಿಧಿಸಿದ ಇಪ್ಪತ್ತು ವರ್ಷಗಳ ಮಿತಿಗೆ ಒಳಪಟ್ಟು, 2023ರ ಅಕ್ಟೋಬರ್ ತಿಂಗಳ ಕೊನೆಗೆ ನಗರದ ಬೀದಿಗಳಿಂದ ಮರೆಯಾಯಿತು. ಕೊನೆಯದಾಗಿ ನೋಂದಣಿಯಾದುದು 2003ರಲ್ಲಿ. ಅದು ಐವತ್ತು ವರ್ಷ ಮುಟ್ಟಬೇಕಾದರೆ 2053ರವರೆಗೆ ಯಾರಾದರೂ ಅದನ್ನು ಒಂದು ಮಾಡಿನ ಕೆಳಗೆ ಇಟ್ಟುಕೊಂಡಿರಬೇಕು.