ಮಗು ಹೋಗಬೇಕೋ, ವೈದ್ಯ ಬರಬೇಕೋ

2003ರ ಜುಲೈ ತಿಂಗಳು ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ಸಂಸತ್ ಭವನದ ಮೇಲಿನ ದಾಳಿಯ ನಂತರ ನಿಂತುಹೋಗಿದ್ದ ದೆಹಲಿ-ಲಾಹೋರ್ ಬಸ್ಸು ಒಂದೂವರೆ ವರ್ಷ ಕಳೆದು ಮತ್ತೆ ಹೊರಟ ತಿಂಗಳು ಅದು. ಲಾಹೋರಿನಿಂದ ಬಂದ ಮೊದಲ ಬಸ್ಸಿನಲ್ಲಿ ಎರಡೂವರೆ ವರ್ಷದ ಒಂದು ಹೆಣ್ಣುಮಗು ತಂದೆತಾಯಿಯ ಜೊತೆ ಕುಳಿತಿತ್ತು. ಅದರ ಹೃದಯದಲ್ಲಿ ರಂಧ್ರಗಳಿದ್ದವು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ನಡೆದು ಮಗು ಗುಣವಾಯಿತು. ಗುರುತು ಪರಿಚಯವಿಲ್ಲದ ಜನ ಹಣ ಕಳಿಸಿದರು, ಹರಕೆ ಹೊತ್ತರು, ದುವಾ ಮಾಡಿದರು. ಬಂದ ಹಣ ಬೇರೆ ಬಡ ಮಕ್ಕಳ ಚಿಕಿತ್ಸೆಗೆ ಹೋಗಲಿ ಎಂದರು ಮಗುವಿನ ಹೆತ್ತವರು. ಎರಡು ದೇಶಗಳ ಪತ್ರಿಕೆಗಳು ಒಂದೇ ಸುದ್ದಿಯನ್ನು ಒಂದೇ ಖುಷಿಯಿಂದ ಬರೆದ ದಿನಗಳು ಬಹಳವಿಲ್ಲ. ಅವುಗಳಲ್ಲಿ ಇವೂ ಕೆಲವು.

ನಮ್ಮ ಮನೆಮಾತಿನಲ್ಲಿ ಇಂಥ ಮಗುವನ್ನು ಕಂಡರೆ ಹಿರಿಯ ಹೆಂಗಸರು 'ದಿಲ್ ಮೇಂ ಸುರಾಖ್ ಹೈ' ಎಂದು ದನಿ ತಗ್ಗಿಸಿ ಹೇಳುತ್ತಿದ್ದರು. ತುಟಿ, ಉಗುರು ನೀಲಿಗಟ್ಟಿದ ಮಗುವಿಗೆ ತಾಯತ ಕಟ್ಟಿಸುತ್ತಿದ್ದರು, ನೀರಿಗೆ ದಮ್ ಹಾಕಿಸಿ ಕುಡಿಸುತ್ತಿದ್ದರು, ಉಳಿದದ್ದನ್ನು ಅಲ್ಲಾಹನಿಗೆ ಬಿಡುತ್ತಿದ್ದರು. ಓದಿದವರು ಇದನ್ನು ಕೇಳಿ ನಗುವುದುಂಟು. ಆದರೆ ಆ ತಾಯಂದಿರಿಗೆ ಬೇರೆ ದಾರಿ ಯಾವುದಿತ್ತು? ಹೃದಯ ತೆರೆದು ಹೊಲಿಯುವ ವಿದ್ಯೆ ಲೋಕದಲ್ಲಿ ಹುಟ್ಟಿದ ಮೇಲೂ ಅದು ಅವರ ಊರಿಗೆ ಬಂದಿರಲಿಲ್ಲ. ಬಾರದೆ ಇದ್ದ ಆ ವಿದ್ಯೆಯನ್ನು ಬಡ ನಾಡುಗಳಿಗೆ ಹೊತ್ತುಕೊಂಡು ಹೋದವರ ಚರಿತ್ರೆ ಅಷ್ಟು ಹಳೆಯದಲ್ಲ, ಅಷ್ಟು ಸರಳವೂ ಅಲ್ಲ.

ಸಾವಿರ ಮಕ್ಕಳು ಹುಟ್ಟಿದರೆ ಅವರಲ್ಲಿ ಸುಮಾರು ಎಂಟು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ಊನ ಇರುತ್ತದೆ. ಇದಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಇನ್ನೊಂದು ಕಾಯಿಲೆ ಮಾತ್ರ ಬಡವರ ಮನೆಯನ್ನೇ ಹುಡುಕಿಕೊಂಡು ಬರುತ್ತದೆ. ಇಕ್ಕಟ್ಟಾದ ಮನೆಯಲ್ಲಿ ಮಗುವಿಗೆ ಗಂಟಲು ನೋವು ಬರುತ್ತದೆ, ಚಿಕಿತ್ಸೆ ಆಗುವುದಿಲ್ಲ, ಕೆಲವು ವಾರಗಳ ನಂತರ ಜ್ವರ, ಕೀಲುನೋವು. ಇದು ರುಮ್ಯಾಟಿಕ್ ಜ್ವರ. ಕೀಲುನೋವು ಹೋಗುತ್ತದೆ, ಆದರೆ ಜ್ವರ ಹೃದಯದ ಕವಾಟಗಳನ್ನು ಕೆಡಿಸಿ ಹೋಗಿರುತ್ತದೆ. ಮೊದಲಿಗೇ ಸಿಕ್ಕಿದ್ದರೆ ಪೆನಿಸಿಲಿನ್ ಸಾಕಿತ್ತು. ಸಿಗದಿದ್ದಕ್ಕೆ ಹತ್ತು ವರ್ಷಗಳ ನಂತರ ಎದೆ ಸೀಳಬೇಕಾಗುತ್ತದೆ.

1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಎಂಬ ವೈದ್ಯರು ಹೀಗೆ ಕವಾಟ ಕೆಟ್ಟಿದ್ದ ಒಬ್ಬ ಹುಡುಗಿಯ ಹೃದಯದೊಳಗೆ ಬೆರಳಿಟ್ಟು ಅದನ್ನು ಬಿಡಿಸಿದರು. ಹುಡುಗಿ ಬದುಕಿದಳು. ಆದರೂ ಅವರ ಬಳಿಗೆ ಎರಡನೆಯ ರೋಗಿಯನ್ನು ಯಾರೂ ಕಳಿಸಲಿಲ್ಲ! ಹೃದಯವನ್ನು ಮುಟ್ಟಬಾರದೆಂಬ ನಂಬಿಕೆ ಅಂದಿನ ವೈದ್ಯರಲ್ಲೂ ಅಷ್ಟು ಗಟ್ಟಿಯಾಗಿತ್ತು. ಆಮೇಲಿನದು ವೇಗದ ಕತೆ. 1944ರಲ್ಲಿ ಬಾಲ್ಟಿಮೋರಿನಲ್ಲಿ 'ನೀಲಿ ಮಕ್ಕಳ' ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. 1953ರಲ್ಲಿ ಜಾನ್ ಗಿಬ್ಬನ್ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ಹೃದಯವನ್ನು ತೆರೆದು ಒಳಗಿನ ರಂಧ್ರ ಮುಚ್ಚಿದರು.

ಅದಕ್ಕೂ ಮುಂಚೆ, ಈಜಿಪ್ಟಿನ ಒಂದು ಕಾಪ್ಟಿಕ್ ಕ್ರೈಸ್ತ ಮನೆತನದಲ್ಲಿ ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಇದೇ ಕವಾಟದ ಕಾಯಿಲೆಯಿಂದ ತೀರಿಕೊಂಡಳು. ಮನೆಯಲ್ಲಿ ಸರ್ಜನ್ ಇದ್ದರೂ ಏನೂ ಮಾಡಲಾಗಲಿಲ್ಲ. ಆ ಸಾವನ್ನು ನೋಡಿದ ಸರ್ಜನ್ನರ ಪುಟ್ಟ ಮಗ, ತಾನು ಹೃದಯದ ವೈದ್ಯನಾಗುತ್ತೇನೆ ಎಂದುಕೊಂಡ. ಅವರೇ ಮಗ್ದಿ ಯಾಕೂಬ್. ಕೈರೋದಲ್ಲಿ ಓದಿ, 1960ರ ದಶಕದ ಆರಂಭದಲ್ಲಿ ಬ್ರಿಟನ್ನಿಗೆ ಹೋಗಿ, ಹೃದಯ ಕಸಿಯಲ್ಲಿ ಲೋಕಪ್ರಸಿದ್ಧರಾದರು. ಅತ್ತೆಯ ಸಾವನ್ನು ಅವರು ಮರೆಯಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಬಡ ದೇಶದ ಮಗುವಿಗೆ ನೆರವಾಗಲು ಮೊದಲು ಹೊಳೆದ ದಾರಿ, ಮಗುವನ್ನೇ ಕರೆದುಕೊಂಡು ಬರುವುದು. 1975ರಲ್ಲಿ ನ್ಯೂಯಾರ್ಕ್ ಬಳಿಯ ರೋಟರಿ ಸದಸ್ಯರು ಉಗಾಂಡದ ಐದು ವರ್ಷದ ಬಾಲಕಿಯೊಬ್ಬಳನ್ನು ಕರೆಸಿ ಲಾಂಗ್ ಐಲೆಂಡಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಅಲ್ಲಿಂದ 'ಗಿಫ್ಟ್ ಆಫ್ ಲೈಫ್' ಎಂಬ ಚಳವಳಿ ಬೆಳೆದು ಎಷ್ಟೋ ದೇಶಗಳಿಗೆ ಹಬ್ಬಿತು. ವಿಮಾನದ ಟಿಕೆಟ್ಟು, ಉಳಿಯಲು ಯಾರದೋ ಮನೆ, ಹಣ ತೆಗೆದುಕೊಳ್ಳದ ವೈದ್ಯ: ಮೂರೂ ಕೂಡಿಬಂದರೆ ಒಂದು ಜೀವ ಉಳಿಯುತ್ತದೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ನಂಬಿದವರು ನಾವು. ಇದನ್ನು ಹಗುರಾಗಿ ಕಾಣಲಾರೆವು.

ಆದರೂ ಈ ದಾರಿಯಲ್ಲಿ ಒಂದು ಮಗು ಹೋದರೆ ಅದರ ಹಿಂದೆ ಸಾಲಾಗಿ ನಿಂತ ಮಕ್ಕಳು ಅಲ್ಲೇ ಉಳಿಯುತ್ತಾರೆ. ಮೇಲಾಗಿ ನಡುವೆ ಗಡಿ ಇದೆ. ಬೆಂಗಳೂರಿಗೆ ಆ ಮಗುವನ್ನು ತಂದ ಬಸ್ಸು 2019ರಲ್ಲಿ ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ಅಮಾಯಕರ ಹತ್ಯೆ ನಡೆದ ಮೇಲೆ ಪಾಕಿಸ್ತಾನಿಯರ ವೀಸಾಗಳು ರದ್ದಾದವು. ವೈದ್ಯಕೀಯ ವೀಸಾಗಳಿಗೆ ಸಿಕ್ಕಿದ್ದು ಏಪ್ರಿಲ್ 29ರವರೆಗಿನ ಗಡುವು ಮಾತ್ರ. ಸಿಂಧ್ ಪ್ರಾಂತದಿಂದ ಇಬ್ಬರು ಮಕ್ಕಳ ಹೃದಯ ಚಿಕಿತ್ಸೆಗೆಂದು ದೆಹಲಿಗೆ ಬಂದಿದ್ದ ತಂದೆಯೊಬ್ಬರು ಶಸ್ತ್ರಚಿಕಿತ್ಸೆ ಆಗದೆಯೇ ಮಕ್ಕಳನ್ನು ಕರೆದುಕೊಂಡು ವಾಪಸಾದರು. ಕೊಂದವರು ಯಾರೋ, ಬೆಲೆ ತೆತ್ತವರು ಯಾರೋ.

ಎರಡನೆಯ ದಾರಿ, ವೈದ್ಯರೇ ಹೋಗುವುದು. 1990ರ ದಶಕದಲ್ಲಿ ಇದು ದೊಡ್ಡದಾಗಿ ಬೆಳೆಯಿತು. ಅಮೆರಿಕದ ಮೆಂಫಿಸ್ ನಗರದ ವಿಲಿಯಂ ನೋವಿಕ್ 1993ರಲ್ಲಿ ಒಂದು ಸಂಸ್ಥೆ ಕಟ್ಟಿ, ಯುದ್ಧದಿಂದ ಜರ್ಜರಿತವಾದ ದೇಶಗಳಿಗೂ ತಂಡ ಕರೆದುಕೊಂಡು ಹೋದರು. ಯಾಕೂಬ್ ಬ್ರಿಟನ್ನಿನಲ್ಲಿ 'ಚೈನ್ ಆಫ್ ಹೋಪ್' ಆರಂಭಿಸಿದರು. ಹೃದಯದ ಶಸ್ತ್ರಚಿಕಿತ್ಸೆ ಕಣ್ಣಿನ ಶಿಬಿರದಂತಲ್ಲ. ಸರ್ಜನ್ ಒಬ್ಬರು ಹೋದರೆ ಆಗುವುದಿಲ್ಲ. ಅರಿವಳಿಕೆ ಕೊಡುವವರು, ಯಂತ್ರ ನಡೆಸುವವರು, ಮಕ್ಕಳ ಹೃದ್ರೋಗ ತಜ್ಞರು, ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಯಿಡೀ ಹಾಸಿಗೆಯ ಪಕ್ಕದಲ್ಲಿ ನಿಲ್ಲುವ ನರ್ಸುಗಳು ಬೇಕು. ಇವರೆಲ್ಲ ತಮ್ಮ ರಜೆ ಹಾಕಿ, ಪೆಟ್ಟಿಗೆಗಳಲ್ಲಿ ನಳಿಕೆ, ದಾರ, ಔಷಧಿ ತುಂಬಿಕೊಂಡು ಹೊರಡುತ್ತಾರೆ. ಎರಡು ವಾರ ಹಗಲಿರುಳು ದುಡಿಯುತ್ತಾರೆ.

ಹದಿನೈದನೆಯ ದಿನ ವಿಮಾನ ಹೊರಡುತ್ತದೆ. ನಮಗೆ ಕಾಡುವುದು ಹದಿನಾರನೆಯ ದಿನ. ಆ ದಿನ ಮಗುವಿಗೆ ಜ್ವರ ಬಂದರೆ ನೋಡುವವರು ಯಾರು? ತಂಡ ಬರುವ ಮೊದಲು ಪಟ್ಟಿ ಮಾಡುವಾಗಲೂ ಇದೇ ಕಷ್ಟ. ಎರಡು ವಾರದೊಳಗೆ ಚೇತರಿಸಿಕೊಳ್ಳಬಲ್ಲ ಮಗುವಿಗೆ ಆದ್ಯತೆ. ತೀರಾ ಹದಗೆಟ್ಟ ಮಗುವಿಗೆ 'ಮುಂದಿನ ಸಲ'. ಮುಂದಿನ ಸಲ ಎಂದರೆ ಏನೆಂಬುದು ಹೇಳಿದ ವೈದ್ಯರಿಗೂ ಗೊತ್ತು, ಕೇಳಿದ ತಾಯಿಗೂ ಗೊತ್ತು. ಇಂಥ ತಂಡಗಳಲ್ಲಿ ಒಳ್ಳೆಯವು ಇದನ್ನು ಬೇಗ ಅರಿತುಕೊಂಡವು. ಅದೇ ಊರಿಗೆ ಮತ್ತೆ ಮತ್ತೆ ಹೋಗಿ, ಕತ್ತರಿಯನ್ನು ನಿಧಾನವಾಗಿ ಸ್ಥಳೀಯ ವೈದ್ಯರ ಕೈಗೆ ದಾಟಿಸಿದವು.

ಕೆಲವರು ಹಿಂದಿರುಗಲೇ ಇಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಎಳೆಗೂಸುಗಳ ಹೃದಯ ಶಸ್ತ್ರಚಿಕಿತ್ಸೆಗೆ ಹೊಸ ದಾರಿ ತೋರಿದ ಆಲ್ಡೊ ಕಸ್ಟನೇಡ ನಿವೃತ್ತಿಯ ನಂತರ ತಮ್ಮ ತಂದೆಯ ನಾಡು ಗ್ವಾಟೆಮಾಲಾಕ್ಕೆ ಹೋಗಿ, 1997ರಲ್ಲಿ ಅಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸಾ ವಿಭಾಗ ಆರಂಭಿಸಿದರು. 2021ರಲ್ಲಿ ತೀರಿಕೊಂಡರು.

ಮೂರನೆಯ ದಾರಿಯ ದೊಡ್ಡ ಉದಾಹರಣೆ ಸೂಡಾನಿನಲ್ಲಿದೆ. ಇಟಲಿಯ ಜೀನೊ ಸ್ಟ್ರಾಡಾ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಸರ್ಜನ್. 1994ರಲ್ಲಿ ಅವರು ಕಟ್ಟಿದ 'ಎಮರ್ಜೆನ್ಸಿ' ಸಂಸ್ಥೆ 2007ರಲ್ಲಿ ಖಾರ್ಟೂಮ್ ಬಳಿಯ ಸೋಬಾದಲ್ಲಿ, ನೀಲಿ ನೈಲ್ ನದಿಯ ಹತ್ತಿರ, ಹೃದಯದ ಆಸ್ಪತ್ರೆಯೊಂದನ್ನು ತೆರೆಯಿತು. ಹೆಸರು ಸಲಾಮ್. ಅರವತ್ತಮೂರು ಹಾಸಿಗೆ, ಮೂರು ಶಸ್ತ್ರಚಿಕಿತ್ಸಾ ಕೊಠಡಿ, ಯಾರಿಗೂ ಒಂದು ಕಾಸಿನ ಬಿಲ್ಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ದೇಶಗಳ ರೋಗಿಗಳು ಅಲ್ಲಿಗೆ ಬಂದರು. ಹಡಗಿನಲ್ಲಿ ಸಾಮಾನು ತಂದ ಕಬ್ಬಿಣದ ಕಂಟೇನರುಗಳನ್ನೇ ಜೋಡಿಸಿ ಸಿಬ್ಬಂದಿಗೆ ಮನೆ ಕಟ್ಟಿದರು. ಮರುಭೂಮಿಯ ಬಿಸಿ ಗಾಳಿಯನ್ನು ನೆಲದಡಿಯ ಸುತ್ತುಬಳಸಿನ ಓಣಿಗಳಲ್ಲಿ ಹರಿಸಿ, ಧೂಳು ಕಳೆದು ತಂಪು ಮಾಡಿ ಒಳಗೆ ಬಿಟ್ಟರು. ಅಂಗಳದಲ್ಲಿ ನೀರಿನ ಕೊಳದ ನಡುವೆ, ಎರಡು ಮರಗಳನ್ನು ಕಡಿಯದೆ ಒಳಗಿಟ್ಟುಕೊಂಡು, ಯಾವ ಮತದವರಾದರೂ ಕುಳಿತು ಪ್ರಾರ್ಥಿಸಬಹುದಾದ ಬಿಳಿಯ ಕೋಣೆ ಇದೆ. 2013ರಲ್ಲಿ ಈ ಕಟ್ಟಡಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಬಡವರ ಆಸ್ಪತ್ರೆ ಎಂದರೆ ಸುಣ್ಣ ಉದುರಿದ ಗೋಡೆ ಎಂದುಕೊಂಡವರು ಇದನ್ನು ನೋಡಬೇಕಿತ್ತು.

ರುವಾಂಡದಿಂದ ಎಂಟು ಮಕ್ಕಳು ಶಸ್ತ್ರಚಿಕಿತ್ಸೆಗಾಗಿ ಸಲಾಮ್ ಕೇಂದ್ರಕ್ಕೆ ಬಂದ ಪ್ರಯಾಣವನ್ನು 'ಓಪನ್ ಹಾರ್ಟ್' ಎಂಬ ಸಾಕ್ಷ್ಯಚಿತ್ರ ಹೇಳುತ್ತದೆ. 2013ರ ಆಸ್ಕರ್ ಸ್ಪರ್ಧೆಗೂ ಅದು ಆಯ್ಕೆಯಾಗಿತ್ತು. ಆಸ್ಪತ್ರೆ ನಡೆಸುವ ಹಣಕ್ಕಾಗಿ ಸ್ಟ್ರಾಡಾ ಅಧ್ಯಕ್ಷ ಒಮರ್ ಅಲ್ ಬಶೀರರ ಮುಂದೆ ಹೋಗುವುದನ್ನೂ ಅದರಲ್ಲಿ ಕಾಣಬಹುದು. ದಾರ್ಫುರಿನ ಹತ್ಯೆಗಳಿಗಾಗಿ ಅಂತರರಾಷ್ಟ್ರೀಯ ನ್ಯಾಯಾಲಯದ ಬಂಧನಾದೇಶ ಹೊತ್ತಿದ್ದ ಮನುಷ್ಯ ಆತ. ಮಕ್ಕಳ ಹೃದಯಕ್ಕಾಗಿ ಯಾರ ಮುಂದೆ ಕೈಚಾಚಬಹುದು, ಯಾರ ಮುಂದೆ ಚಾಚಬಾರದು? ಕುಳಿತು ಬರೆಯುವ ನಮಗೆ ಉತ್ತರ ಸುಲಭ. ಮೂರು ಶಸ್ತ್ರಚಿಕಿತ್ಸಾ ಕೊಠಡಿ ನಡೆಸುವವರಿಗೆ ಅಲ್ಲ.

ಕೆಟ್ಟ ಕವಾಟದ ಬದಲು ಯಾಂತ್ರಿಕ ಕವಾಟ ಹಾಕಿದರೆ ಕತೆ ಮುಗಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕು. ಪ್ರಮಾಣ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ರಕ್ತಸ್ರಾವ. ಆಗಾಗ ರಕ್ತ ಪರೀಕ್ಷೆ ಆಗಲೇಬೇಕು. ಹಳ್ಳಿಯಿಂದ ನಗರಕ್ಕೆ ಎರಡು ದಿನದ ಹಾದಿಯಿದ್ದರೂ ಆಗಬೇಕು. ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣ. ಗರ್ಭಿಣಿಯಾದರೆ ಆ ಮಾತ್ರೆ ಹೊಟ್ಟೆಯಲ್ಲಿನ ಕೂಸಿಗೆ ಅಪಾಯ, ಬಿಟ್ಟರೆ ತಾಯಿಗೆ ಅಪಾಯ. ಪ್ರಾಣಿಯ ಅಂಗಾಂಶದ ಕವಾಟ ಹಾಕಿದರೆ ಮಾತ್ರೆಯ ಕಾಟ ತಪ್ಪೀತು, ಆದರೆ ಎಳೆಯ ದೇಹದಲ್ಲಿ ಅದು ಬೇಗ ಸವೆದು ಎದೆಯನ್ನು ಮತ್ತೆ ತೆರೆಯಬೇಕಾಗುತ್ತದೆ. ಹನ್ನೆರಡು ವರ್ಷದ ಹುಡುಗಿಗೆ ಯಾವ ಕವಾಟ ಎಂದು ನಿರ್ಧರಿಸುವ ಸರ್ಜನ್, ಅವಳು ಯಾವಾಗ ಮದುವೆಯಾಗುತ್ತಾಳೆ, ಹಡೆಯದ ಸೊಸೆಯನ್ನು ಅವಳ ಅತ್ತೆಮನೆ ಇಟ್ಟುಕೊಳ್ಳುತ್ತದೆಯೇ ಎಂಬುದನ್ನೂ ಯೋಚಿಸಬೇಕಾಗುತ್ತದೆ. ಅದಕ್ಕೇ ಸಾಧ್ಯವಾದಲ್ಲೆಲ್ಲ ಕವಾಟ ಬದಲಿಸದೆ ಇದ್ದುದನ್ನೇ ರಿಪೇರಿ ಮಾಡುತ್ತಾರೆ. ಎರಡು ವಾರಕ್ಕೆ ಬಂದು ಹೋಗುವ ತಂಡಕ್ಕಿಂತ ಊರಲ್ಲೇ ನಿಂತ ಆಸ್ಪತ್ರೆ ಹೆಚ್ಚೇಕೆ ಎಂಬುದು ಈ ಮಾತ್ರೆಯ ವಿಷಯದಲ್ಲಿ ನಿಚ್ಚಳವಾಗುತ್ತದೆ.

ಅದೇ ನೈಲ್ ನದಿಯ ಕೆಳಹರಿವಿನಲ್ಲಿ, ಈಜಿಪ್ಟಿನ ಅಸ್ವಾನಿನಲ್ಲಿ, ಮಗ್ದಿ ಯಾಕೂಬ್ 2009ರಲ್ಲಿ ಉಚಿತ ಹೃದಯ ಕೇಂದ್ರ ಆರಂಭಿಸಿದರು. ಕೈರೋದಲ್ಲಲ್ಲ, ದೇಶದ ಬಡ ದಕ್ಷಿಣದಲ್ಲಿ. ಅಲ್ಲಿ ಈಜಿಪ್ಟಿನ ಎಳೆಯ ವೈದ್ಯರು, ನರ್ಸುಗಳು ತಯಾರಾದರು. ಟಾಂಜಾನಿಯಾದಲ್ಲಿ 2015ರಲ್ಲಿ ಸರ್ಕಾರವೇ ದಾರ್ ಎಸ್ ಸಲಾಮಿನಲ್ಲಿ ಹೃದಯದ ಸಂಸ್ಥೆ ತೆರೆಯಿತು. ಹೊರಗಿನ ತಂಡಗಳು ಅಲ್ಲಿಗೆ ಈಗಲೂ ಬರುತ್ತವೆ, ಆದರೆ ಅವು ಹೊರಟ ಮೇಲೂ ಕೆಲಸ ನಿಲ್ಲುವುದಿಲ್ಲ.

ಸ್ಟ್ರಾಡಾ 2021ರ ಆಗಸ್ಟ್‌ನಲ್ಲಿ ತೀರಿಕೊಂಡರು. ಯುದ್ಧದ ವಿರುದ್ಧ ಆಯುಷ್ಯವಿಡೀ ಮಾತಾಡಿದ ಅವರು ಮುಂದಿನದನ್ನು ನೋಡಲಿಲ್ಲ. 2023ರ ಏಪ್ರಿಲ್ 15ರಂದು, ರಂಜಾನ್ ತಿಂಗಳ ಕೊನೆಯ ದಿನಗಳಲ್ಲಿ, ಖಾರ್ಟೂಮಿನಲ್ಲಿ ಸೇನೆಗೂ ಅರೆಸೇನೆಗೂ ಕಾಳಗ ಶುರುವಾಯಿತು. ನಗರದ ಆಸ್ಪತ್ರೆಗಳು ಒಂದೊಂದಾಗಿ ಮುಚ್ಚಿದವು. ವಿದ್ಯುತ್ ಹೋಯಿತು, ಜನರೇಟರಿಗೆ ಡೀಸೆಲ್ ಸಿಗದಾಯಿತು. ಕವಾಟ ಹಾಕಿಸಿಕೊಂಡ ಸಾವಿರಾರು ಜನ ನಿರಾಶ್ರಿತರ ಗುಂಪಿನಲ್ಲಿ ಸೇರಿ ಊರು ಬಿಟ್ಟರು. ಅವರ ಗಂಟಿನಲ್ಲಿ ಎಷ್ಟು ದಿನದ ಮಾತ್ರೆ ಇತ್ತೋ ಅಷ್ಟೇ ದಿನದ ಭರವಸೆ. ಸೋಬಾದ ಸಲಾಮ್ ಕೇಂದ್ರದಲ್ಲಿ ಸೂಡಾನಿನ ಮತ್ತು ಹೊರದೇಶದ ಸಿಬ್ಬಂದಿ ಉಳಿದುಕೊಂಡರು. ಇದ್ದ ಇಂಧನದಲ್ಲಿ ಆದಷ್ಟು ಮಾಡುತ್ತಾ, ಗುಂಡಿನ ಸದ್ದಿನ ನಡುವೆ ಮಾತ್ರೆ ಹುಡುಕಿಕೊಂಡು ಬಂದವರಿಗಾಗಿ ಬಾಗಿಲು ತೆರೆದಿಟ್ಟರು.