ಹಗೇವಿನ ವಾಸನೆ, ಸಿಲಿಂಡರಿನ ವಾಸನೆ

ಹೋದ ತಿಂಗಳು ಒಂದು ಸಂಜೆ ಬೈಲಹೊಂಗಲದಿಂದ ಅವ್ವನ ಫೋನು. ನಾನು ಇಲ್ಲಿ ಬೆಂಗಳೂರಲ್ಲಿ ಕೋಡ್ ಜೊತೆ ಗುದ್ದಾಡ್ತಾ ಕೂತಿದ್ದೆ.

"ತಮ್ಮಾ, ಅಡಗಿಮನ್ಯಾಗ ಏನೋ ಹೊಲಸ ವಾಸ್ನಿ ಬರಾಕತ್ತೈತಿ. ಹಗೇವು ತಗದಂಗ ಆಗೇತಿ ನೋಡು. ಕಟ್ಟಿ ಬುಡಕ ಇಲಿ ಸತ್ತೈತೇನೋ. ತಡಿ, ದೀಪಾ ಹಚ್ಚಿ ನೋಡ್ತೀನಿ."

ಎದೆ ಧಸಕ್ ಅಂತು. ಕಟ್ಟೆ ಬುಡದಲ್ಲಿರೋದು ಸಿಲಿಂಡರು!

"ಅವ್ವಾ, ದೀಪ ಹಚ್ಚಬ್ಯಾಡ! ಲೈಟಿನ ಬಟನ್ನೂ ಮುಟ್ಟಬ್ಯಾಡ. ಫೋನ್ ಹಿಡಕೊಂಡು ಮೊದಲ ಹೊರಗ ಬಾ."

"ಈಗ ವಾಸ್ನಿ ಕಡಿಮಿ ಆಗೇತೋ..." ಅಂತಾನೇ ಹೊರಗೆ ಬಂದಳು. ಪಕ್ಕದ ಮನೆ ಕಾಕಾ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ಎಲ್ಲ ತೆಗೆದರು. ಆಮೇಲೆ ನೋಡಿದರೆ ರಬ್ಬರ್ ಪೈಪು ಸೀಳಿತ್ತು. ದೇವರು ದೊಡ್ಡವನು, ಏನೂ ಆಗಲಿಲ್ಲ.

ರಾತ್ರಿ ಮತ್ತೆ ಮಾತಾಡುವಾಗ ಕೇಳಿದೆ, "ದೀಪ ಹಚ್ಚೂದು ಯಾಕ ನೆನಪಾತವ್ವಾ?" ಆಕೆ ಹೇಳಿದಳು: "ನಮ್ಮಪ್ಪ ಹಗೇವು ತಗದಾಗ ಮೊದಲ ದೀಪಾನ ಬಿಡತಿದ್ದಾ."

ಆ ಮಾತು ತಲೆಯಲ್ಲಿ ಕೊರೀತಾ ಇತ್ತು. ಅದಕ್ಕೇ ಈ ಬರಹ.

ಅವ್ವನ ತವರು ಸವದತ್ತಿ ತಾಲೂಕು. ಸವದತ್ತಿಯಿಂದ ರಾಮದುರ್ಗದವರೆಗೆ ಮಲಪ್ರಭೆಯ ಆಸುಪಾಸಿನ ಎರಿಭೂಮಿ ಅಂದರೆ ಬಿಳಿಜೋಳದ ಸೀಮೆ. ಜೋಳವನ್ನು ವರ್ಷಗಟ್ಟಲೆ ಇಡಲು ನಮ್ಮ ಹಿರಿಯರು ಮಾಡಿಕೊಂಡಿದ್ದೇ ಹಗೇವು. ಒಣ ಗಟ್ಟಿ ನೆಲದಲ್ಲಿ ಕೊಡದ ಆಕಾರದ ಗುಂಡಿ: ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಕಣಿಕೆ, ಹೊಟ್ಟು ಹಾಸಿ ಜೋಳ ಸುರಿಯುತ್ತಿದ್ದರು. ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗೀತು. ಕಿತ್ತೂರ ಕಡೆ ಹೋದರೆ ಮಲೆನಾಡಿನ ಸೆರಗು, ಮಳೆ ಜಾಸ್ತಿ. ನೆಲ ಹಸಿ ಇದ್ದಲ್ಲಿ ಹಗೇವು ನಡೆಯಲ್ಲ. 1876-78ರ ದೊಡ್ಡ ಬರ ಕಂಡ ಸೀಮೆ ಇದು, ನೆಲದೊಳಗಿನ ಜೋಳವೇ ಮನೆಯ ಜೀವ.

ಈಗ ವಿಜ್ಞಾನಕ್ಕೆ ಬರೋಣ. ಕಾಳಿಗೂ ಜೀವ ಇದೆ, ಅದೂ ಉಸಿರಾಡುತ್ತೆ. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳು, ಹುಳ ಎಲ್ಲ ಸೇರಿ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆಮ್ಲಜನಕ ಕಡಿಮೆಯಾದರೆ ಹುಳ ಸಾಯುತ್ತೆ, ಜೋಳ ಉಳಿಯುತ್ತೆ. ಗೋಡೆಗೆ ಹತ್ತಿದ ಒಂದಷ್ಟು ಜೋಳ ಮಾತ್ರ ತೇವ ಹಿಡಿದು ಮುಗ್ಗುತ್ತೆ. ಅವ್ವ ಹೇಳಿದ 'ಹಗೇವಿನ ವಾಸನೆ' ಅದೇ.

ಆದರೆ ಗಮನಿಸಿ, ಕೊಲ್ಲೋದು ಆ ವಾಸನೆ ಅಲ್ಲ. ಇಂಗಾಲದ ಡೈಆಕ್ಸೈಡಿಗೆ ವಾಸನೆಯೇ ಇಲ್ಲ! ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲಿ ಕೂತಿರುತ್ತೆ. ಅವಸರದಲ್ಲಿ ಇಳಿದವನು ಅಲ್ಲೇ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಕೂಡ. ಅದಕ್ಕೇ ಹಿರಿಯರು ಮೂಗನ್ನು ನಂಬಲಿಲ್ಲ. ಕಲ್ಲು ಸರಿಸಿ ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ಆರಿದರೆ ಯಾರೂ ಇಳಿಯುವಂತಿಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಈ ಅನಿಲವನ್ನು ಗುರುತಿಸಿದಾಗ ಅವನೂ ನೋಡಿದ್ದು ಇದನ್ನೇ, ಇದರಲ್ಲಿ ದೀಪ ಆರುತ್ತೆ ಅಂತ. ಹಾಗಂತ ದೀಪ ಉರಿದರೆ ಎಲ್ಲ ಸರಿ ಅಂತಲ್ಲ. ಇವತ್ತು ಇಂಥ ಗುಂಡಿಗೆ ಇಳಿಯುವ ಮುಂಚೆ ಮೀಟರಿನಿಂದಲೇ ಅಳೆಯಬೇಕು.

ನವಿಲುತೀರ್ಥದ ಅಣೆಕಟ್ಟು ಬಂತು, ಕಾಲುವೆ ನೀರು ಹರಿದ ಕಡೆ ಗೋವಿನಜೋಳ, ಹತ್ತಿ ಹೆಚ್ಚಾದವು. ಜೋಳ ಗೋಣಿಚೀಲ ಸೇರಿತು, ಹಗೇವು ಮುಚ್ಚಿಹೋದವು. ಅಡಿಗೆಮನೆಗೆ ಸಿಲಿಂಡರು ಬಂತು.

ಸಿಲಿಂಡರಿನ ಕಥೆ ಇನ್ನೊಂದು. ಎಲ್‌ಪಿಜಿಗೂ ತನ್ನದೇ ವಾಸನೆ ಇಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಅನ್ನೋ ಊರಿನ ಶಾಲೆಯಲ್ಲಿ ನೈಸರ್ಗಿಕ ಅನಿಲ ಸೋರಿ ನೆಲದ ಕೆಳಗೆ ತುಂಬಿತ್ತು. ವಾಸನೆ ಇಲ್ಲದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಒಂದು ಕಿಡಿಗೆ ಸುಮಾರು 300 ಜನ ಹೋದರು, ಹೆಚ್ಚಿನವರು ಮಕ್ಕಳು. ಆಮೇಲೆ ಟೆಕ್ಸಾಸಿನಲ್ಲಿ ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬ ಕಾನೂನು ಬಂತು, ಉಳಿದ ಕಡೆಗೂ ಹಬ್ಬಿತು. ನಮ್ಮ ಸಿಲಿಂಡರಿನ ಕೆಟ್ಟ ವಾಸನೆ ಈಥೈಲ್ ಮರ್‌ಕ್ಯಾಪ್ಟನ್‌ದು. ಬೇಕಂತಲೇ ಬೆರೆಸಿದ್ದು, ನಮ್ಮನ್ನು ಎಚ್ಚರಿಸಲಿಕ್ಕೆ.

ಈ ಅನಿಲವೂ ಗಾಳಿಗಿಂತ ಭಾರ. ಹಗೇವಿನ ತಳದ ಹಾಗೇ ಕಟ್ಟೆಯ ಬುಡದಲ್ಲಿ ಕೂರುತ್ತೆ. ಆದರೆ ಅಲ್ಲಿ ಪ್ರಾಣ ಉಳಿಸುತ್ತಿದ್ದ ದೀಪವೇ ಇಲ್ಲಿ ಮನೆ ಸುಡುತ್ತೆ! ಅವ್ವ ತಿಳಿಯದವಳಲ್ಲ. ಆಕೆಗೆ ಗೊತ್ತಿದ್ದ ಉತ್ತರ ಸರಿಯಾಗೇ ಇತ್ತು, ಪ್ರಶ್ನೆ ಬದಲಾಗಿತ್ತು. ಅದನ್ನು ಹೇಳಬೇಕಿದ್ದ ಇಂಜಿನಿಯರ್ ಮಗ ಸುಮ್ಮನಿದ್ದ. ತಪ್ಪು ನಂದೇ.

ಹಾಂ, "ವಾಸ್ನಿ ಕಡಿಮಿ ಆಗೇತಿ" ಅಂದಳಲ್ಲ, ಅದೂ ಮೋಸ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತಿದ್ದರೆ ಮೂಗು ಒಗ್ಗಿಕೊಳ್ಳುತ್ತೆ. ಅನಿಲ ಮಾತ್ರ ಅಲ್ಲೇ ಇರುತ್ತೆ.

ಹೀಗಾಗಿ ಇವತ್ತೇ ಊರಿಗೆ ಫೋನ್ ಮಾಡಿ ಇಷ್ಟು ಹೇಳಿಬಿಡಿ: ವಾಸನೆ ಬಂದರೆ ಬೆಂಕಿ ಬೇಡ, ಸ್ವಿಚ್ಚು ಹಾಕೋದೂ ಬೇಡ, ತೆಗೆಯೋದೂ ಬೇಡ, ಫ್ಯಾನೂ ಬೇಡ. ಕೈಗೆ ಸಿಕ್ಕರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬನ್ನಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ.

ಹಾಗೇ, ನಿಮ್ಮೂರಲ್ಲಿ ಹಗೇವು ಇದ್ದವಾ? ಅಜ್ಜ, ಆಯಿ ಇದ್ದರೆ ಕೇಳಿ ನೋಡಿ, ನಂಗೂ ತಿಳಿಸಿ.