ಹದ

ದಿನಪತ್ರಿಕೆ ಓದುವವರಿಗೆ ‘ಹದ’ದ ಪರಿಚಯ ಅದು ಕೆಟ್ಟ ಮೇಲೆಯೇ. ಹದಗೆಟ್ಟ ರಸ್ತೆ, ಹದಗೆಟ್ಟ ಆರೋಗ್ಯ, ಹದಗೆಟ್ಟ ಕಾನೂನು ಸುವ್ಯವಸ್ಥೆ. ಕೆಡುವ ಮೊದಲು ಅದು ಹೇಗಿತ್ತೆಂದು ಯಾರೂ ಬರೆಯುವುದಿಲ್ಲ. ಅದನ್ನು ಕಾಣಬೇಕಾದರೆ ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ಯಾವುದಾದರೂ ಆಲೆಮನೆಗೆ ಹೋಗಬೇಕು.

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಸುಣ್ಣದ ತಿಳಿ ಬಿದ್ದು, ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂದು, ಅದನ್ನು ತೆಗೆದು ಚೆಲ್ಲಿದ್ದಾಗಿದೆ. ಇನ್ನು ಪಾಕ ನೋಡುವವನ ಪಾಳಿ. ಗುಳ್ಳೆ ಏಳುವ ರೀತಿ, ಕುದಿಯ ಸದ್ದು, ವಾಸನೆ, ಎಲ್ಲದರ ಮೇಲೂ ಅವನ ಗಮನ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾನೆ. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದು, ತಡವಾದರೆ ಸೀದೀತು. ಪುಸ್ತಕ ಸುಮಾರು 118 ಡಿಗ್ರಿ ಎನ್ನುತ್ತದೆ. ಆದರೆ ಚೌಳು ನೆಲದ ಕಬ್ಬೂ ಮೆಕ್ಕಲು ನೆಲದ ಕಬ್ಬೂ ಒಂದೇ ಥರ ಬೇಯುವುದಿಲ್ಲವಲ್ಲ! ಇನ್ನೆಷ್ಟು ಹೊತ್ತು ಎಂದು ಕೇಳಿದರೆ, ‘ಹದ ಬರಗಂಟ ತಡಿ’ ಎಂದಷ್ಟೇ ಉತ್ತರ.

ನಾಗಮಂಗಲದ ವಿಗ್ರಹದ ಎರಕದವರೂ ಇದೇ ಮಾತಿನವರು. ಜೇನುಮೇಣಕ್ಕೆ ರಾಳ ಬೆರೆಸಿ ಮೂರ್ತಿ ತಿದ್ದುವಾಗ ಮೇಣ ಹದವಾಗಿರಬೇಕು: ಬಿಸಿಲು ಏರಿದರೆ ಮೂಗು ಕಿವಿ ಕುಸಿಯುತ್ತವೆ, ಚಳಿಗೆ ಬಿರುಕು ಬಿಡುತ್ತವೆ. ಮೇಲೆ ಮೆತ್ತುವ ಮಣ್ಣೂ ಹದವಾಗಿರಬೇಕು, ಅದು ನೆರಳಲ್ಲೇ ಒಣಗಬೇಕು. ಮೇಣ ಕರಗಿ ಹರಿದು ಹೋದ ಜಾಗಕ್ಕೆ ಲೋಹ ಹುಯ್ಯುವುದು ಒಂದೇ ಸಲ, ತಿದ್ದಲು ಇನ್ನೊಂದು ಅವಕಾಶ ಇಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ 13ನೆಯ ಶತಮಾನದ ಲಕ್ಷ್ಮೀನಾರಾಯಣ ಗುಡಿ ಕಡೆದವರು ಕಲ್ಲಿನ ಹದ ಬಲ್ಲವರು. ಬಳಪದ ಕಲ್ಲು ಅಗೆದು ತೆಗೆದಾಗ ಮೆತ್ತಗಿದ್ದು, ಗಾಳಿಗೆ ಕ್ರಮೇಣ ಗಟ್ಟಿಯಾಗುತ್ತದೆ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್‌ನಲ್ಲಿ ಖಾದಿ ನೇಯುತ್ತಾರೆ. ಮಗ್ಗದವರನ್ನು ಕೇಳಿ, ನೂಲಿಗೆ ಹಾಕುವ ಗಂಜಿಯ ಹದ ಹೇಳುತ್ತಾರೆ.

ಬೆಂಗಳೂರಿನಲ್ಲಿ ಈಗ ವಾರಾಂತ್ಯಕ್ಕೆ ಜಪಾನಿನ ಕಿಂಟ್ಸುಗಿ ಕಲಿಸುತ್ತಾರೆ. ಒಡೆದ ಬಟ್ಟಲನ್ನು ಅಂಟಿಸಿ ಬಿರುಕಿಗೆ ಚಿನ್ನದ ಬಣ್ಣ ಬಳಿದರೆ ಮನಸ್ಸಿಗೆ ಶಾಂತಿಯಂತೆ. ಇರಬಹುದು. ಆದರೆ ಅಸಲಿ ಕಿಂಟ್ಸುಗಿಯ ಅಂಟು ಉರುಶಿ ಮರದ ಹಾಲು. ಅದು ಬಿಸಿಲಿಗೆ ಒಣಗುವ ಜಾತಿಯದಲ್ಲ, ತೇವವಿರುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಕೂತು ಗಟ್ಟಿಯಾಗುತ್ತದೆ. ಅಲ್ಲಿನ ಕುಶಲಕರ್ಮಿಗೂ ನಮ್ಮ ಎರಕದವರಿಗೂ ಭಾಷೆ ಬೇರೆ, ಕಾಯುವುದು ಒಂದೇ. ಕಾಯುವ ಭಾಗ ಬಿಟ್ಟು ಶಾಂತಿಯನ್ನು ಮಾತ್ರ ಎರಡು ಗಂಟೆಯಲ್ಲಿ ಮಾರುವವರ ಬಗ್ಗೆ ನನಗೆ ಗುಮಾನಿ.

‘ಹದ’ ಹಳಗನ್ನಡದಲ್ಲಿ ‘ಪದ’. ತಮಿಳಿನಲ್ಲಿ ಪಾಕದ ಹದಕ್ಕೆ ಇಂದಿಗೂ ‘ಪದಂ’ ಎನ್ನುತ್ತಾರೆ. ನಿಘಂಟಿನಲ್ಲಿ ಹದದಿಂದ ಸ್ವಲ್ಪ ಕೆಳಗೆ ‘ಹದುಳ’ ಸಿಗುತ್ತದೆ: ಕ್ಷೇಮ, ನೆಮ್ಮದಿ. ‘ಹದುಳ’ವನ್ನು ಈಗ ಯಾರೂ ಮಾತಲ್ಲಿ ಅಷ್ಟಾಗಿ ಬಳಸುವುದಿಲ್ಲ, ನಷ್ಟವೇ.

ಆಲೆಮನೆಯವನನ್ನು ‘ಈ ಕೆಲಸದಲ್ಲಿ ನೆಮ್ಮದಿ ಇದೆಯಾ’ ಎಂದು ಕೇಳಿದರೆ ಅವನು ಕೂಲಿ, ಸಾಲ, ಬೆಲ್ಲದ ರೇಟು ಹೇಳುತ್ತಾನೆ. ಪೇಟೆಗೆ ಬೆಳ್ಳಗಿನ ಬೆಲ್ಲವೇ ಬೇಕು, ಅದಕ್ಕೆ ಹೈಡ್ರೋಸ್ ಎಂಬ ಬಿಳುಪಿನ ರಾಸಾಯನಿಕ ಸುರಿಯಬೇಕು ಎಂದು ಬೈಯುತ್ತಾನೆ. ಕೇಳುವುದಾದರೆ ಪಾಕ ಇಳಿದ ಮೇಲೆ ಕೇಳಿ. ಅದಕ್ಕೂ ಮುಂಚೆ ಅವನು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.